ಸೊಪ್ಪಿನ ಅಂಜಮ್ಮನ ಕೂಗು

ಟೀವಿಯಲ್ಲಿ ಬರುವ ಶೂರರಿಗೆ ಮಿಂಚು ಹೊಡೆದೋ ಹುಳ ಕಚ್ಚಿಯೋ ವಿಶೇಷ ಶಕ್ತಿ ಬರುತ್ತದಂತೆ. ಅಂಜಮ್ಮನಿಗೆ ಬಂದದ್ದು ಸೊಪ್ಪು ಮಾರಿ. ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಹಾಗೆ ಕೂಗ್ತಾ ಕೂಗ್ತಾ ಬಂದದ್ದು. ನಗುವವರು ನಗಲಿ, ನನಗೇನೂ ನಷ್ಟವಿಲ್ಲ.

ಗೋವಿಂದರಾಜನಗರದ ನಮ್ಮ ಬೀದಿಗೆ ಆಕೆ ಬರುತ್ತಿದ್ದದ್ದು ಬೆಳಗಿನ ಹಾಲಿನ ಹಿಂದೆಯೇ. ಕೆಂಗೇರಿಯಿಂದ ಮೊದಲ ಬಸ್ಸಿಗೆ ಕುಕ್ಕೆ ಏರಿಸಿಕೊಂಡು ವಿಜಯನಗರದಲ್ಲಿ ಇಳಿದು, ಅಲ್ಲಿಂದ ತಲೆಯ ಮೇಲೆ ಹೊತ್ತು ನಡೆದು ಬರುವಳು. ಕುಕ್ಕೆಯ ಬಾಯಿಗೆ ಒದ್ದೆ ಗೋಣಿಚೀಲ, ಅದರ ಕೆಳಗೆ ಮೆಂತ್ಯ, ಸಬ್ಬಸಿಗೆ, ದಂಟು, ಪಾಲಕ್. ಬೇರೆ ಸೊಪ್ಪಿನವರು ಬೀದಿಯೇ ಬಿರಿಯುವಂತೆ ಕೂಗಿಕೊಂಡು ಹೋಗುತ್ತಿದ್ದರು. ಅಂಜಮ್ಮ ಬೀದಿಯ ಮೂಲೆಯಲ್ಲಿ ಹೊಂಗೆ ಮರದ ಕೆಳಗೆ ಕುಕ್ಕೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ತುಟಿಯನ್ನು ಒಂದಿಷ್ಟು ಅಲುಗಿಸುವಳು. ಅಷ್ಟೇ. ಮೂರನೇ ಮಹಡಿಯಿಂದ ಒಬ್ಬರು, ಹಿತ್ತಿಲ ಮನೆಯಿಂದ ಒಬ್ಬರು, ಕೈಯಲ್ಲಿ ಚೀಲ ಹಿಡಿದು ನಿದ್ದೆಯಲ್ಲಿ ನಡೆಯುವವರ ಹಾಗೆ ಇಳಿದು ಬರುತ್ತಿದ್ದರು.

ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪ್ರೆಸ್ ಮಷಿನ್ನಿನ ಪಕ್ಕ ವಯಸ್ಸು ಸವೆಸಿ ವಿ.ಆರ್.ಎಸ್. ತೆಗೆದುಕೊಂಡವನು. ಕಿವಿಗಳನ್ನು ಅರ್ಧ ಅಲ್ಲೇ ಬಿಟ್ಟು ಬಂದಿದ್ದೇನೆ. ಹಾಗಾಗಿ ನನ್ನ ಹೆಂಡತಿ ವಿಮಲಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗಲೇ, ಮಿಕ್ಸಿ ತಿರುಗುತ್ತಿರುವಾಗಲೇ, 'ಬಂದೆ ಅಂಜಮ್ಮಾ' ಎಂದು ಕೈ ಒರೆಸಿಕೊಂಡು ಎದ್ದರೆ, ನನ್ನ ಕಿವಿಯ ದೋಷವೇ ಇರಬೇಕು ಅಂದುಕೊಳ್ಳುತ್ತಿದ್ದೆ. ಒಂದು ದಿನ ಎದುರು ಮನೆಯ ಪದ್ಮನಾಭನನ್ನು ಕೇಳಿದೆ. ಅವನದು ಹಾವಿನ ಕಿವಿ, ಯಾರ ಮನೆಯ ಜಗಳವೂ ತಪ್ಪುವುದಿಲ್ಲ. ಅವನಿಗೂ ಕೇಳಿಸಿರಲಿಲ್ಲ. ಕರೆದದ್ದು ಯಾರನ್ನೋ ಅವರಿಗೆ ಮಾತ್ರ, ಭುಜದ ಹಿಂದೆಯೇ ನಿಂತು ಹೇಳಿದಂತೆ ಕೇಳಿಸುತ್ತಿತ್ತು.

ನಮ್ಮ ಬೀದಿಗೆ ಆಗಿನ್ನೂ ಮೊಬೈಲು ಹೊಸದು. ಗೋಡೆಯ ಹತ್ತಿರ ಹೋದರೆ ಸಿಗ್ನಲ್ ಇಲ್ಲ, ಕಿಟಕಿಗೆ ಬಂದರೆ ಮಾತು ಒಡೆಯುತ್ತಿತ್ತು. ಆಟಕ್ಕೆ ಹೋದ ಮಗಳನ್ನು ಕರೆಯಬೇಕು, ಬಸವೇಶ್ವರನಗರದಲ್ಲಿರುವ ಅಕ್ಕನಿಗೆ ನೆಂಟರು ಬಂದರೆಂದು ಹೇಳಬೇಕು ಎಂದರೆ ಹೆಂಗಸರು ಅಂಜಮ್ಮನ ಹತ್ತಿರ ಹೋಗಿ ಹೆಸರು ಹೇಳುತ್ತಿದ್ದರು. ಆಕೆ ಆ ಹೆಸರನ್ನು ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಬಿಡುತ್ತಿದ್ದಳು. ಅದಕ್ಕೆ ಬದಲಾಗಿ ಆಕೆ ತೆಗೆದುಕೊಳ್ಳುತ್ತಿದ್ದದ್ದು ಒಂದು ಲೋಟ ಕಾಫಿ. ಸಕ್ಕರೆ ಮಾತ್ರ ಜಾಸ್ತಿ ಬೇಕು.

ಆ ಕಾಫಿ ಕುಡಿಯುತ್ತ ನಮ್ಮ ಮೆಟ್ಟಿಲ ಮೇಲೆ ಕೂತು ಆಕೆಯೇ ಹೇಳಿದ ಕಥೆ ಇದು. ಮದುವೆಯಾಗಿ ಬಂದಾಗ ಅಂಜಮ್ಮನದು ಗುಬ್ಬಿ ದನಿ. ಅತ್ತೆಗೆ ಮಂಡಿ ಹಿಡಿದುಕೊಂಡು, ಸೊಪ್ಪಿನ ಕುಕ್ಕೆ ಸೊಸೆಯ ತಲೆಗೆ ಬಂತು. ಬೀದಿ ಬೀದಿ ಸುತ್ತಿ, ಗಂಟಲು ಕಟ್ಟಿಸಿಕೊಂಡು, ಅರ್ಧ ಸೊಪ್ಪು ಬಾಡಿಸಿಕೊಂಡು ವಾಪಸ್ಸು ಬಂದಳು. ಅತ್ತೆ ಬೈಯಲಿಲ್ಲ. ಇಷ್ಟೇ ಹೇಳಿದಳಂತೆ: "ಬೀದಿಗೆ ಕೂಗಬ್ಯಾಡ ಕಣೆ. ಬೀದಿ ಸೊಪ್ಪು ತಿನ್ನಾಕಿಲ್ಲ. ತಿನ್ನೋರ ಹೆಸರು ನೆನ್ಸ್ಕೊಂಡು ಕರಿ."

ಅಂದಿನಿಂದ ದಿನಾ ಸಂಜೆ ಪಾಠ. ಸೊಪ್ಪಿನ ಮಡಿಗಳ ಈ ತುದಿಯಲ್ಲಿ ಸೊಸೆ, ಆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತ ಅತ್ತೆ. ಇವಳು ಕರೆಯಬೇಕು, ಆಕೆಗೆ ಕೇಳಿಸಿದರೆ ಕೈ ಎತ್ತಬೇಕು. ಕೈ ಎತ್ತಿದ ಮಾರನೆಯ ದಿನ ಅತ್ತೆ ಒಂದು ಮಡಿ ಹಿಂದೆ ಸರಿಯುವಳು, ಸೊಸೆ ದನಿಯನ್ನು ಒಂದಿಷ್ಟು ಇಳಿಸುವಳು. ಮಡಿಗಳು ಮುಗಿದವು, ಕೆರೆ ಏರಿ ಬಂತು, ರೈಲು ಹಳಿಯನ್ನೂ ದಾಟಿದ್ದಾಯಿತು. ಕೊನೆಗೆ ಅತ್ತೆ ಮನೆಯಲ್ಲಿ ಮಲಗಿರುವಾಗ, ಅಂಜಮ್ಮ ಇಲ್ಲಿ ಗೋವಿಂದರಾಜನಗರದಲ್ಲಿ ನಿಂತು 'ಅತ್ತೆಮ್ಮಾ, ಸೊಪ್ಪೆಲ್ಲ ಹೋಯ್ತು' ಎಂದು ಉಸಿರಿನಲ್ಲಿ ಅಂದರೆ, ಅಲ್ಲಿ ಹಾಸಿಗೆಯಲ್ಲೇ ಕೈ ಎತ್ತುತ್ತಿದ್ದಳಂತೆ. ಹೀಗೆ ಕೈ ಎತ್ತಿಕೊಂಡೇ ಆಕೆ ತೀರಿಕೊಂಡದ್ದು. ಅದನ್ನು ಹೇಳುವಾಗ ಅಂಜಮ್ಮನ ಕಾಫಿ ಆರಿ ಹೋಗಿತ್ತು.

ಆದರೆ ಈ ವಿದ್ಯೆಗೆ ಒಂದು ಕಟ್ಟಳೆ ಇತ್ತು. ಹೆಸರು ಬೇಕೇ ಬೇಕು, ಇಲ್ಲವೇ ಆಕೆಯ 'ಅತ್ತೆಮ್ಮಾ'ದಂತೆ ಒಬ್ಬರಿಗೇ ಸಲ್ಲುವ ಕರೆ. ಹೆಸರಿಲ್ಲದ ಕೂಗಿಗೆ ಯಾರ ಕಿವಿಗೆ ಹೋಗಬೇಕೆಂದು ಗೊತ್ತಾಗುವುದಿಲ್ಲ. ಮತ್ತು ಅಂಜಮ್ಮ ಇಡೀ ಪ್ರಪಂಚದಲ್ಲಿ ಹೆಸರು ಹಿಡಿದು ಕರೆಯದ ಮನುಷ್ಯ ಒಬ್ಬನೇ. ಆಕೆಯ ಗಂಡ.

ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ, ಬಂದಷ್ಟು ಸಲವೂ ಅವನ ಆಯಸ್ಸು ಇಷ್ಟಿಷ್ಟು ಸವೆಯುತ್ತದೆ ಎಂದು ಆಕೆ ಗಟ್ಟಿಯಾಗಿ ನಂಬಿದ್ದಳು. ವಿಮಲಮ್ಮ ಒಮ್ಮೆ ಪೀಡಿಸಿ ಕೇಳಿದಾಗ, ಇವಳ ಹಣೆಯ ಕುಂಕುಮ ತೋರಿಸಿ, ಅದರ ಬಣ್ಣಕ್ಕೆ ಒಂದು ಅಯ್ಯ ಸೇರಿಸಿಕೊಳ್ಳಿ ಅಂದಿದ್ದಳು. ಕೆಂಪಯ್ಯ! ಆಗ ನಮಗೆ ಇನ್ನೊಂದು ಗುಟ್ಟೂ ಬಿಚ್ಚಿಕೊಂಡಿತು. ಕೆಂಪು ದಂಟನ್ನು ಆಕೆ 'ಬಣ್ಣದ ದಂಟು' ಅನ್ನುತ್ತಿದ್ದಳು. ಅದು ಯಾವುದೋ ಬೇರೆ ಜಾತಿಯ ಸೊಪ್ಪು, ರಕ್ತಕ್ಕೆ ಒಳ್ಳೆಯದು ಎಂದು ಪದ್ಮನಾಭ ವರ್ಷಗಟ್ಟಲೆ ಹೊಗಳಿಕೊಂಡು ತಿಂದಿದ್ದ.

ಕೆಂಪಯ್ಯ ಸೊಪ್ಪು ಬೆಳೆಯುವವನು, ಆಕೆ ಮಾರುವವಳು. ಮಕ್ಕಳಿಲ್ಲ. ಇದ್ದಿದ್ದರೆ ಇಂಥವರ ಅಪ್ಪಾ ಎಂದಾದರೂ ಕರೆಯಬಹುದಿತ್ತು. ಅವನ ಅವ್ವ ಹೋದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸಂತೆಯವರಿಗೆ ಆತ ಸೊಪ್ಪಿನ ಯಜಮಾನ, ಅಂಜಮ್ಮನಿಗೆ 'ಇಗೋ', ಪೇಟೆಯ ಬಳಕೆಯಾದ ಮೇಲೆ 'ರೀ'. ಗುತ್ತಿಗೆಯ ಭೂಮಿಯಲ್ಲಿ ಸೈಟುಗಳ ಕಲ್ಲು ನಿಂತು ಮಡಿಗಳು ಸಣ್ಣವಾಗುತ್ತ ಬಂದ ಹಾಗೆ ಕೆಂಪಯ್ಯನೂ ಮಂಕಾಗುತ್ತ ಬಂದ. ಬಾವಿಗೆ ಹೋಗಿ ಯಾಕೆ ಬಂದೆ ಎಂದು ನಿಲ್ಲುವುದು, ಉಂಡದ್ದು ಮರೆಯುವುದು. ಒಂದು ಬೆಳಿಗ್ಗೆ ಮೆಂತ್ಯದ ಬೀಜ ತರುತ್ತೇನೆಂದು ಹೋದವನು ಬರಲೇ ಇಲ್ಲ.

ಅಂಜಮ್ಮ ಕೆಂಗೇರಿಯನ್ನೆಲ್ಲ ಹುಡುಕಿದಳು. ಸ್ಟೇಷನ್ನು, ಬಸ್ ಸ್ಟ್ಯಾಂಡು, ಶ್ರೀಗಂಧದ ಕಾವಲಿನಲ್ಲಿದ್ದ ನಾದಿನಿಯ ಮನೆ. ಪೊಲೀಸಿನವರಿಗೂ ಹೇಳಿದಳು. ಮಾರನೆಯ ಮಧ್ಯಾಹ್ನ ನಮ್ಮ ಬೀದಿಗೆ ಬಂದಾಗ ತಲೆಯ ಮೇಲೆ ಕುಕ್ಕೆ ಇರಲಿಲ್ಲ. ಹೊಂಗೆ ಮರಕ್ಕೆ ಒರಗಿ ನಿಂತು, ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. 'ರೀ' ಎಂದು ಕರೆದಳು.

ಆ ಕೂಗು ಕೆಂಪಯ್ಯನಿಗೆ ತಲುಪಿತೋ ಇಲ್ಲವೋ, ಬೀದಿಯ ಗಂಡಂದಿರಿಗೆಲ್ಲ ತಲುಪಿತು. ಮುಖಕ್ಕೆ ಅರ್ಧ ಸೋಪು ಹಚ್ಚಿಕೊಂಡಿದ್ದ ಪದ್ಮನಾಭ ಟವಲಿನಲ್ಲೇ ಓಡಿ ಬಂದ. ಮೂಲೆ ಅಂಗಡಿಯವನು ಅಕ್ಕಿ ಅಳೆಯುವುದನ್ನು ಬಿಟ್ಟು ಮಹಡಿ ಹತ್ತಿದ. ನಾನೂ ಪೇಪರು ಕೆಳಗಿಟ್ಟು, ಏನು ಕರೆದೆ ಎಂದು ಅಡುಗೆಮನೆಗೆ ಹೋದೆ. ವಿಮಲಮ್ಮ ಕರೆದಿರಲಿಲ್ಲ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಅಂತ ನನ್ನನ್ನು ಆಡಿಕೊಳ್ಳುವವಳು, ಅವತ್ತು ಒಲೆ ಆರಿಸಿ ನನ್ನ ಹಿಂದೆಯೇ ಹೊರಟಳು. ಎಷ್ಟೋ ವರ್ಷಗಳ ಮೇಲೆ ನನ್ನ ಕಿವಿಯೊಳಗೆ ಒಂದು ದನಿ ಅಷ್ಟು ಹತ್ತಿರ, ಅಷ್ಟು ತಿಳಿಯಾಗಿ ಬಂದಿತ್ತು. ಅದರ ತುಂಬ ಸಂಕಟವಿತ್ತು. ಹೊರಗೆ ಬಂದು ನೋಡಿದರೆ ಬೀದಿ ತುಂಬ ಗಂಡಸರು, ಯಾರೋ ಕರೆದರೆಂದು ಬಂದು ಯಾರೆಂದು ತಿಳಿಯದೆ ನಿಂತವರು. ಮರದ ಕೆಳಗೆ ಅಂಜಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ವಿಮಲಮ್ಮ ಆಕೆಯನ್ನು ಒಳಗೆ ಕರೆತಂದು ನೀರು ಕೊಟ್ಟಳು. ಹೆಸರು ಹಿಡಿದು ಕರಿ ಅಂದಳು. ಅಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬೇರೆ ಯಾರಾದರೂ ಕರೆದರೆ ಆಗದೇ ಎಂದು ವಿಮಲಮ್ಮನೇ ಗೇಟಿನ ಹತ್ತಿರ ನಿಂತು ಕೆಂಪಯ್ಯಾ ಎಂದು ಕೂಗಿದಳು. ಎರಡು ನಾಯಿ ಬೊಗಳಿದವು. ನನಗೆ ರೇಗಿತು. ಎಲ್ಲಿ ಬಿದ್ದಿದ್ದಾನೋ, ಹೊಟ್ಟೆಗೆ ಏನಾದರೂ ಇದೆಯೋ, ಅವನೇ ಇಲ್ಲದ ಮೇಲೆ ಅವನ ಆಯಸ್ಸು ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಕೇಳಿಯೇ ಬಿಟ್ಟೆ.

"ಸಾರ್, ಮೂವತ್ತು ವರ್ಷದಿಂದ ಬಾಯಿ ಕಟ್ಕೊಂಡು ಅವರ ಆಯಸ್ಸು ಕಾದಿವ್ನಿ," ಅಂದಳು ಅಂಜಮ್ಮ. "ಈಗ ನಾನೇ ಕಿತ್ಕಬೇಕಾ?"

ಸಂಜೆ ಬಿಸಿಲು ಮಾಗಡಿ ರಸ್ತೆಯ ಕಡೆಯಿಂದ ಓರೆಯಾಗಿ ಬೀಳುತ್ತಿದ್ದಾಗ ಆಕೆ ತಾನಾಗಿ ಎದ್ದು ನಮ್ಮ ತಾರಸಿ ಹತ್ತಿದಳು. ನಾವೂ ಹಿಂದೆ ಹೋದೆವು. ನೀರಿನ ಟ್ಯಾಂಕಿನ ಪಕ್ಕ ನಿಂತು ಸೂರ್ಯನಿಗೆ ಕೈ ಮುಗಿದಳು. ಅವರಿಂದ ಹೋಗುವಷ್ಟನ್ನು ನನ್ನದರಿಂದ ತೆಗೆದು ಅವರಿಗೆ ತುಂಬು ಎಂದು ಬೇಡಿಕೊಂಡದ್ದು ನಮಗೆ ಕೇಳಿಸಿತು. ಆಮೇಲೆ ಕಣ್ಣು ಮುಚ್ಚಿದಳು. ತುಟಿ ಅಲುಗಿತು. ನಮಗೆ ಏನೂ ಕೇಳಲಿಲ್ಲ. ಪಕ್ಕದ ತಾರಸಿಯಲ್ಲಿ ಒಣಹಾಕಿದ್ದ ಸೀರೆಗಳೆಲ್ಲ ಗಾಳಿಯಿಲ್ಲದೆ ಒಂದೇ ದಿಕ್ಕಿಗೆ, ಕೆಂಗೇರಿಯ ದಿಕ್ಕಿಗೆ ಎದ್ದು, ಮೆಲ್ಲಗೆ ಇಳಿದವು. ಆಕೆ ಅಲ್ಲೇ ಕುಸಿದು ಕೂತು ಅತ್ತಳು.

ಆ ರಾತ್ರಿ ಅಂಜಮ್ಮ ನಮ್ಮ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಮಂಜು ಬೀದಿಯನ್ನೆಲ್ಲ ಮುಚ್ಚಿತ್ತು. ಹಾಲಿಗೆಂದು ಗೇಟು ತೆಗೆದೆ. ಆ ಮಂಜಿನೊಳಗಿಂದ ಒಬ್ಬ ಮುದುಕ, ಪಂಚೆ ಮೊಣಕಾಲವರೆಗೆ ಕಟ್ಟಿ, ಕಾಲೆಲ್ಲ ಧೂಳಾಗಿ, ಒಂದು ಕಿವಿಯನ್ನು ಮುಂದೆ ಮಾಡಿಕೊಂಡು ನಡೆದು ಬರುತ್ತಿದ್ದ. ನಮ್ಮ ಬೀದಿಗೆ ಆತ ಜನ್ಮದಲ್ಲಿ ಬಂದವನಲ್ಲ. ನೇರ ಬಂದು ನಮ್ಮ ಮೆಟ್ಟಿಲ ಹತ್ತಿರ ನಿಂತ. ನನ್ನ ಹಿಂದಿನಿಂದ ಅಂಜಮ್ಮ ಓಡಿ ಹೋಗಿ ಅವನ ಕೈ ಹಿಡಿದುಕೊಂಡಳು.

ವಿಮಲಮ್ಮ ಕೊಟ್ಟ ಕಾಫಿ ಕುಡಿದ ಮೇಲೆ ಆತ ನಿಧಾನಕ್ಕೆ ಹೇಳಿದ. ಯಾವುದೋ ರೈಲು ಹತ್ತಿ ಬಿಡದಿಯಲ್ಲಿ ಇಳಿದಿದ್ದ. ಕಲ್ಲುಬೆಂಚಿನ ಮೇಲೆ ಕೂತಿದ್ದವನನ್ನು ಜನ ಹೆಸರೇನು, ಊರು ಯಾವುದು ಎಂದು ಕೇಳಿದ್ದರು. ಊರು ನೆನಪಿಲ್ಲ, ಹೆಸರೂ ಇಲ್ಲ. ಸಂಜೆ ಕಿವಿಯ ಹತ್ತಿರವೇ ಯಾರೋ ಯಾರನ್ನೋ ಕರೆದಂತಾಯಿತು. ಆ ಹೆಸರು ಯಾರದೆಂದು ಗೊತ್ತಾಗಲಿಲ್ಲ. ದನಿ ಮಾತ್ರ ಇವಳದೇ. ದನಿ ಬಂದ ದಿಕ್ಕಿಗೆ, ಹಳಿಯ ಪಕ್ಕದಲ್ಲೇ, ನಡೆದುಕೊಂಡು ಬಂದಿದ್ದ.

ಅಂಜಮ್ಮ ತಲೆ ತಗ್ಗಿಸಿಕೊಂಡಿದ್ದಳು. ತಪ್ಪಾಯಿತು, ಬೇರೆ ದಾರಿ ಇರಲಿಲ್ಲ, ಇನ್ನು ಕರೆಯುವುದಿಲ್ಲ ಅಂದಳು.

ಕೆಂಪಯ್ಯ ಆಕೆಯ ಕಡೆ ತಿರುಗಿದ. "ನಿನ್ನೆ ಏನೋ ಅಂದ್ಯಲ್ಲ, ಅದು ನನ್ನ ಹೆಸ್ರಾ?"

ಆಕೆ ಹೌದೆಂದು ತಲೆಯಾಡಿಸಿದಳು.

"ಆಗ್ಲೇ ಮರ್ತೋಯ್ತು ಕಣೆ. ಇನ್ನೊಂದ್ಸಲ ಕರಿ."

"ಆಯಸ್ಸು..."

"ಇರೋ ಆಯಸ್ಸನ್ನೆಲ್ಲ ಕರದೇ ಮುಗ್ಸು. ನಾನ್ಯಾರು ಅಂತ ಗೊತ್ತಿಲ್ದಂಗೆ ಬದ್ಕಿ ಏನ್ ಮಾಡ್ಲಿ?"

ಅಂಜಮ್ಮ ಸೆರಗನ್ನು ಬಾಯಿಂದ ತೆಗೆದಳು. ಕಲಿತ ದನಿಯಲ್ಲಿ ಅಲ್ಲ, ಎಲ್ಲರ ಹಾಗೆ, ಎಲ್ಲರಿಗೂ ಕೇಳುವಂತೆ, ಗುಬ್ಬಿಯಂಥ ಸಣ್ಣ ದನಿಯಲ್ಲಿ ಗಂಡನ ಹೆಸರು ಹೇಳಿದಳು. ನನ್ನ ಮಂದ ಕಿವಿಗೂ ಕೇಳಿಸಿತು.

ಕೆಂಪಯ್ಯ ಲೋಟ ಕೆಳಗಿಟ್ಟು, ಓ ಎಂದು ಓಗೊಟ್ಟ.