ಹುಬ್ಬಳ್ಳಿಯ ಬ್ಯಾಟರಿ ಶೆಡ್ಡಿನಿಂದ ಸ್ಯಾನ್ ಹೊಸೆಗೆ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನಾನು ಊರಿನಲ್ಲಿ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದ. ಹತ್ತನೇ ಇಯತ್ತೆಯವರೆಗೆ ಕಲಿತ ಇಂಗ್ಲಿಷಿನಲ್ಲಿ "ಬ್ಯಾಟರಿ" ಎಂದೆ. ತಯಾರಿಸುತ್ತಿದ್ದೆಯಾ ಎಂದ. "ನೋ ಸರ್, ಬ್ರೇಕಿಂಗ್" ಎಂದೆ. ಅವನು ತಲೆಯೆತ್ತಿ ನನ್ನ ಕೈಗಳನ್ನು ನೋಡಿ, ನಕ್ಕು, ಮುದ್ರೆ ಒತ್ತಿದ.

ಹುಬ್ಬಳ್ಳಿಯಿಂದ ಬೆಳಗಿನ ರೈಲಿಗೆ ಹೊರಟು ಬೆಂಗಳೂರು ಮುಟ್ಟಿ, ಅಲ್ಲಿಂದ ನಾಲ್ಕು ತಾಸು ಹಾರಿ ದುಬೈಗೆ, ಮತ್ತೆ ಹದಿನಾರು ತಾಸು ಒಂದೇ ಕುರ್ಚಿಯಲ್ಲಿ ಕುಳಿತು ಇಲ್ಲಿಗೆ ಬಂದಿದ್ದೆ. ಎಪ್ಪತ್ತೊಂದರ ಮೊಣಕಾಲು ಅಷ್ಟು ಹೊತ್ತು ಮಡಚಿರಲು ಒಪ್ಪಲಿಲ್ಲ. ವಿಮಾನದವರು ಕೊಟ್ಟ ಊಟ ರುಚಿಸದೆ, ಚೀಲದಲ್ಲಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಪಕ್ಕದವರು ಮೂಗರಳಿಸಿ ನೋಡಿದರು, ಬೇಕೇ ಎಂದು ಕೇಳಿದರೆ ಬೇಡವೆಂದರು.

ಹೊರಗೆ ರೇಣುಕಾ ನಿಂತಿದ್ದಳು. ಎಲ್ಲರ ಎದುರು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಯಾಕ ಕಾಕಾ, ಅಮೇರಿಕಾದಾಗ ಕಾಲು ಮುಟ್ಟಬಾರ್ದಂತ ಯಾರರೆ ಹೇಳ್ಯಾರೇನು?" ಎಂದು ನಕ್ಕಳು. ಸರಿದದ್ದಕ್ಕೆ ಕಾರಣ ಬೇರೆ ಇತ್ತು. ಅದನ್ನು ಹೇಳುವುದಕ್ಕೇ ಈ ಬರಹ.

ರೇಣುಕಾ ನನ್ನ ಮಗಳಲ್ಲ, ಸಂಬಂಧಿಕಳೂ ಅಲ್ಲ. ಹುಬ್ಬಳ್ಳಿಯ ಅಂಚಿನಲ್ಲಿ ನನ್ನದೊಂದು ತಗಡಿನ ಶೆಡ್ಡು ಇತ್ತು. ಲಾರಿ, ಟ್ರ್ಯಾಕ್ಟರಿನ ಸತ್ತ ಬ್ಯಾಟರಿ ಒಡೆದು, ಒಳಗಿನ ಸೀಸ ತೆಗೆದು, ಕುಲುಮೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಿದ್ದೆವು. ಎಂಟು ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ಅವರಲ್ಲೊಬ್ಬಳು ಶಾಂತವ್ವ. ರೇಣುಕಾ ಅವಳ ಮಗಳು. ಶಾಣ್ಯಾ ಹುಡುಗಿ, ಲೋಹಶಾಸ್ತ್ರ ಓದಿದಳು, ಮುಂದೆ ಇಲ್ಲಿಗೆ ಬಂದು ಈಗ ಸ್ಯಾನ್ ಹೊಸೆಯ ಒಂದು ಕಂಪನಿಯಲ್ಲಿ ಬ್ಯಾಟರಿಯ ಬಿಡಿಭಾಗಗಳನ್ನು ವಿನ್ಯಾಸ ಮಾಡುತ್ತಾಳೆ. ಸತ್ತ ಮೇಲೆ ಸುಲಭವಾಗಿ ಬಿಚ್ಚಿಕೊಂಡು, ತಾಮ್ರ ತಾಮ್ರಕ್ಕೆ, ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಬೇರೆಯಾಗುವಂಥ ಬ್ಯಾಟರಿ. "ನಮ್ಮ ಆಫೀಸಿನಾಗ ಮಾಡೋರು ಭಾಳ ಮಂದಿ ಅದಾರ ಕಾಕಾ, ಒಡದೋರು ಒಬ್ರೂ ಇಲ್ಲ. ನೀವು ಬಂದು ನೋಡ್ರಿ" ಎಂದು ಮೂರು ವರ್ಷ ಕರೆದಳು. ಮೂರು ವರ್ಷವೂ ಮೈ ಹುಷಾರಿಲ್ಲ ಎಂದು ತಪ್ಪಿಸಿಕೊಂಡಿದ್ದೆ. ಈ ಸಲ ಅವಳು ಟಿಕೆಟ್ಟನ್ನೇ ತೆಗೆಸಿ ಕಳಿಸಿದಳು.

ಅವಳ ಮನೆ ಅಲ್ಲೇ ಸಮೀಪದ ಡಬ್ಲಿನ್ ಎಂಬ ಊರಿನಲ್ಲಿ. ನೀರಿನ ಮೇಲೆ ಮೈಲಿಗಟ್ಟಲೆ ಉದ್ದದ ಸೇತುವೆ ದಾಟಿ ಫ್ರೀವೇ ಹಿಡಿದೆವು. ಸೆಪ್ಟೆಂಬರ್ ತಿಂಗಳು. ಎರಡೂ ಬದಿಯ ಗುಡ್ಡಗಳು ಜೋಳ ಕೊಯ್ದ ಹೊಲದ ಬಣ್ಣದಲ್ಲಿದ್ದವು. ಅವಳ ಗಂಡ ಉಡುಪಿ ಕಡೆಯವನು, ಆ ಎರಡು ವಾರ ಕೆಲಸದ ಮೇಲೆ ಬೇರೆ ರಾಜ್ಯಕ್ಕೆ ಹೋಗಿದ್ದ. ಮಗಳು ಅನ್ವಿಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಇಬ್ಬರಿಗೂ ತಿಳಿಯುತ್ತಿತ್ತು.

ಮರುದಿನ ಮನೆ ಹತ್ತಿರದ ಪಾರ್ಕಿಗೆ ಹೋದೆ. ಬಿಸಿಲಿತ್ತು, ಗಾಳಿ ಮಾತ್ರ ತಂಪು. ಬೆಂಚಿನ ಮೇಲೆ ಮಂಗಳೂರು ಕಡೆಯ ರಾಯರೊಬ್ಬರು ಕುಳಿತಿದ್ದರು. ಇಲ್ಲಿಗೆ ಬಂದ ಹಿರಿಯರೆಲ್ಲ ಕೇಳುವ ಮೊದಲ ಪ್ರಶ್ನೆಯನ್ನೇ ಅವರೂ ಕೇಳಿದರು. "ಯಾರ ಮನೆಗೆ ಬಂದದ್ದು ನೀವು? ಮಗನದ್ದಾ, ಮಗಳದ್ದಾ?" ನಾನು ಸ್ವಲ್ಪ ತಡೆದು "ಮಗಳ ಮನೆಗೆ" ಎಂದೆ. "ಹಾಗಾದ್ರೆ ಪಾತ್ರೆ ತೊಳೆಯುವ ಕೆಲಸ ನಿಮಗಿಲ್ಲ, ಬಚಾವ್" ಎಂದರು. ನಕ್ಕೆ. ಹೇಳಿದ್ದು ಸುಳ್ಳು ಎಂಬುದು ಸಂಜೆಯವರೆಗೂ ಚುಚ್ಚುತ್ತಿತ್ತು.

ನಾಲ್ಕನೆಯ ದಿನ ಶುಕ್ರವಾರ. ಬೆಳಿಗ್ಗೆ ಆರೂವರೆಗೆ ಹೊರಟು ಸ್ಯಾನ್ ಹೊಸೆಗೆ ಹೋದೆವು. ಮೂವತ್ತೈದು ಮೈಲಿ ದಾರಿಗೆ ಒಂದೂಕಾಲು ತಾಸು ಹಿಡಿಯಿತು. ಕಾರಿನ ಹಿಂದೆ ಕಾರು, ಯಾರೂ ಹಾರ್ನ್ ಹಾಕುವುದಿಲ್ಲ. ಆಫೀಸಿನಲ್ಲಿ ನನಗೆ ಬಿಳಿ ಕೋಟು, ಕೈಗವಸು, ಕನ್ನಡಕ, ಮೂಗಿಗೆ ಮುಖವಾಡ ಎಲ್ಲ ತೊಡಿಸಿದರು. ಮೂವತ್ತು ವರ್ಷ ಬ್ಯಾಟರಿ ಒಡೆದವನು ಮೊದಲ ಸಲ ಕೈಗವಸು ಹಾಕಿಕೊಂಡೆ.

ತಂಡದ ಮುಖ್ಯಸ್ಥನ ಹೆಸರು ಟಾಮ್, ಬಿಳಿ ಗಡ್ಡ, ನನಗಿಂತ ಹತ್ತು ವರ್ಷ ಚಿಕ್ಕವನಿರಬೇಕು. ಮೊದಲು ಈಗ ಪೇಟೆಯಲ್ಲಿರುವ ವಿದ್ಯುತ್ ಕಾರಿನ ಬ್ಯಾಟರಿಯೊಂದನ್ನು ತೋರಿಸಿದ. ಕರೆಂಟು ಪೂರ್ತಿ ಇಳಿಸಿದ್ದು. ಎಲ್ಲಿ ಬಿಚ್ಚುತ್ತೀರಿ ಎಂದು ಕೇಳಿದ. ಸುತ್ತಲೂ ಬೆರಳಾಡಿಸಿದೆ. ಎಲ್ಲ ಅಂಟು, ಎಲ್ಲ ಬೆಸುಗೆ, ಒಂದು ಸ್ಕ್ರೂ ಇಲ್ಲ. "ಇದಕ್ಕ ಕೊಡ್ಲಿನ ಬೇಕು" ಎಂದೆ. ರೇಣುಕಾ ಇಂಗ್ಲಿಷಿಗೆ ಮಾಡಿದಳು, ಎಲ್ಲರೂ ನಕ್ಕರು. ಹಾಗೆ ಒಡೆದು ಪುಡಿ ಮಾಡಿದರೆ ಎಲ್ಲ ಲೋಹವೂ ಕಲೆತು ಕಪ್ಪು ಹಿಟ್ಟಾಗುತ್ತದಂತೆ, ಆಮೇಲೆ ಆರಿಸುವುದೇ ದೊಡ್ಡ ಕಷ್ಟವಂತೆ.

ಹಳೆಯದೊಂದು ನೆನಪಾಗಿ ಹೇಳಿದೆ. ನಾನು ಕೆಲಸ ಕಲಿಯುವಾಗ ಬ್ಯಾಟರಿಯ ಬಾಯಿಗೆ ಡಾಂಬರು ಹಚ್ಚಿರುತ್ತಿದ್ದರು. ಬಿಸಿ ಮಾಡಿದರೆ ಡಾಂಬರು ಮೆತ್ತಗಾಗಿ ಮುಚ್ಚಳ ಎದ್ದು ಬರುತ್ತಿತ್ತು, ಒಳಗಿನ ಕೆಟ್ಟ ಸೀಸದ ಫಲಕ ಒಂದನ್ನೇ ತೆಗೆದು ಬೇರೆ ಹಾಕಿ ಮುಚ್ಚುತ್ತಿದ್ದೆವು. ಮುಂದೆ ಪ್ಲಾಸ್ಟಿಕ್ಕನ್ನೇ ಕಾಯಿಸಿ ಕೂಡಿಸಿದ ಪೆಟ್ಟಿಗೆ ಬಂತು, ರಿಪೇರಿಯವರೆಲ್ಲ ಒಡೆಯುವವರಾದೆವು. ಟಾಮ್ ಇದನ್ನು ಎರಡು ಸಲ ಹೇಳಿಸಿ ಬರೆದುಕೊಂಡ. ಅವರ ಹೊಸ ಪೆಟ್ಟಿಗೆಯ ಅಂಟೂ ಅಂಥದ್ದೇ ಅಂತೆ, ಇಂತಿಷ್ಟು ಬಿಸಿಗೆ ಬಿಟ್ಟುಕೊಡುತ್ತದೆ.

ಆಮೇಲೆ ತಾವು ಮಾಡುತ್ತಿರುವುದನ್ನು ತೋರಿಸಿದರು. ತೆಳ್ಳನೆಯ ತಾಮ್ರದ ಹಾಳೆ, ಅದರ ಮೇಲೆ ಕಪ್ಪು ಪುಡಿಯ ಲೇಪ. ಲೇಪದ ಅಂಟನ್ನು ಎರಡು ಬಗೆಯಲ್ಲಿ ಮಾಡಿದ್ದರು. ಒಂದು, ನೀರಿನ ತಟ್ಟೆಯಲ್ಲಿ ಅದ್ದಿದರೆ ಪುಡಿ ಕೆನೆಯಂತೆ ಜಾರಿ ಹಾಳೆ ಫಳಫಳ ಹೊಳೆಯುತ್ತದೆ. ಇನ್ನೊಂದು ಒಣಗಿದ್ದಾಗಲೇ ಬಗ್ಗಿಸಿ ಕೊಡವಿದರೆ ಉದುರುತ್ತದೆ, ಬೇಗ ಆಗುತ್ತದೆ, ನೀರಿನ ಖರ್ಚಿಲ್ಲ. ಯಾವುದನ್ನು ಮುಂದುವರಿಸುವುದು ಎಂದು ಅವರಲ್ಲಿ ಚರ್ಚೆ ನಡೆದಿತ್ತು. ಕೊನೆಗೊಂದು ದಿನ ಈ ಬ್ಯಾಟರಿಗಳು ನಮ್ಮಂಥ ತಗಡಿನ ಶೆಡ್ಡಿಗೆ ಬರುತ್ತವೆ, ಅಲ್ಲಿ ಯಾವುದು ನಡೆಯುತ್ತದೆ ಎಂದು ಟಾಮ್ ಕೇಳಿದ. ನಾನು ಮಾಲೀಕನಾಗಿದ್ದವನು, ಮಾಲೀಕನಂತೆಯೇ ಉತ್ತರ ಕೊಟ್ಟೆ. ಒಣದೇ ಚಲೋ, ಬೇಗ ಆಗ್ತದ ಎಂದೆ.

ಪುಡಿ ಹಾರುವುದಿಲ್ಲವೇ, ನಿಮ್ಮ ಕೆಲಸದವರು ಏನು ಮಾಡುತ್ತಿದ್ದರು ಎಂದು ಅವನು ಕೇಳಿದ. ನಾನು ಬಾಯಿ ತೆರೆಯುವ ಮುನ್ನ ರೇಣುಕಾ ತಾನೇ ಹೇಳತೊಡಗಿದಳು. ಮಾತು ಅರ್ಥವಾಗುವಷ್ಟು ಇಂಗ್ಲಿಷು ನನಗೆ ಬರುತ್ತದೆ. ಸಂಜೆ ಕೆಲಸ ಬಿಟ್ಟ ಕೂಡಲೇ ಕಾಕಾ ಪ್ರತಿಯೊಬ್ಬರ ಕೈಗೂ ಒಂದೊಂದು ಹೆಂಟೆ ಬೆಲ್ಲ ಕೊಡುತ್ತಿದ್ದರು, ಬೆಲ್ಲ ತಿಂದರೆ ಗಂಟಲಿನ ಧೂಳು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ, ಶಾಲೆಯಿಂದ ಬಂದು ತಾನೂ ಸಾಲಿನಲ್ಲಿ ನಿಲ್ಲುತ್ತಿದ್ದೆ, ಅಂಥ ಮಾಲೀಕರು ಯಾರೂ ಇರಲಿಲ್ಲ ಎಂದಳು. ಟಾಮ್ ನನ್ನ ಕೈ ಕುಲುಕಿದ.

ಶನಿವಾರ ಪಕ್ಕದ ಊರು ಪ್ಲೆಸೆಂಟನ್ನಿನ ರೈತರ ಸಂತೆಗೆ ಹೋದೆವು. ಹಣ್ಣು ಚೆನ್ನಾಗಿದ್ದವು. ರುಚಿ ನೋಡಲು ಕೊಟ್ಟ ಹೋಳನ್ನು ನಾನು ಅನ್ವಿಗೆ ದಾಟಿಸಿದೆ.

ಭಾನುವಾರ ಬೆಳಿಗ್ಗೆ ರೇಣುಕಾ ನನಗಾಗಿ ಜೋಳದ ರೊಟ್ಟಿ ಮಾಡಲು ನಿಂತಳು. ಗ್ರೋಸರಿ ಅಂಗಡಿಯ ಹಿಟ್ಟು ಜಿಗಿ ಇಲ್ಲದ್ದು, ಆದರೂ ಅವಳ ಕೈಯಲ್ಲಿ ರೊಟ್ಟಿ ದುಂಡಗೆ ಹಿಗ್ಗುತ್ತಿತ್ತು. ಎಷ್ಟು ಚಂದ ಬಡಿತೀ ಎಂದೆ. "ಒಂಬತ್ತು ವರ್ಷದಾಕಿ ಇದ್ದಾಗಿಂದ ಬಡದೀನಿ ಕಾಕಾ. ಅವ್ವಗ ವಾತ ಆಗಿ ಕೈ ಜೋತು ಬಿತ್ತಲ್ಲ, ಆಕಿಗೆ ಎಲ್ಲಿ ಬಡೀಲಿಕ್ಕೆ ಬರ್ತಿತ್ತು" ಎಂದಳು. ಐದು ವರ್ಷದ ಹಿಂದೆ ಶಾಂತವ್ವ ಮೂತ್ರಪಿಂಡ ಕೆಟ್ಟು ತೀರಿಕೊಂಡಿದ್ದಳು.

"ವಾತ ಅಲ್ಲ, ರೇಣುಕಾ" ಎಂದೆ. ಅವಳು ತಿರುಗಲಿಲ್ಲ, ಅದಕ್ಕೇ ಮುಂದೆ ಹೇಳಲು ಆಯಿತು. ಹೊಟ್ಟೆನೋವು, ಕೈ ಜೋತುಬಿದ್ದದ್ದು ನೋಡಿ ಶಾಂತವ್ವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ರಕ್ತದ ರಿಪೋರ್ಟು ನನ್ನ ಕೈಗೇ ಬಂತು. ರಕ್ತದಲ್ಲಿ ಸೀಸ ಸೇರಿದೆ, ಕೆಲಸ ಬಿಡಿಸಿ, ಉಳಿದವರನ್ನೂ ಪರೀಕ್ಷೆ ಮಾಡಿಸಿ, ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಲು ಬಿಡಬೇಡಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬೆಲ್ಲ ಧೂಳನ್ನು ತೆಗೆಯುವುದಿಲ್ಲ, ಕೈಗಂಟಿದ ಧೂಳನ್ನು ಹೊಟ್ಟೆಗೆ ಒಯ್ಯುತ್ತದೆ ಎಂದೂ ಹೇಳಿದರು. ಎಂಟು ಮಂದಿಗೂ ತಿಳಿದರೆ ಶೆಡ್ಡು ಮುಚ್ಚಬೇಕಾಗುತ್ತಿತ್ತು. ನಾನು ರಿಪೋರ್ಟನ್ನು ಕುಲುಮೆಗೆ ಹಾಕಿದೆ. ಶಾಂತವ್ವನಿಗೆ ವಾತ ಎಂದೆ. ಮರುದಿನ ಸಂಜೆಯೂ ಬೆಲ್ಲ ಹಂಚಿದೆ. ಜೋತುಬಿದ್ದ ಕೈಯಲ್ಲೇ ಅವಳು ಇನ್ನೂ ನಾಲ್ಕು ವರ್ಷ ಕೆಲಸ ಮಾಡಿದಳು.

ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆಯೆದ್ದಿತು. ಇಬ್ಬರೂ ಅಲುಗಲಿಲ್ಲ. ಚಾವಣಿಯಲ್ಲಿದ್ದ ಹೊಗೆಯ ಗಂಟೆ ಕಿವಿ ಹರಿಯುವಂತೆ ಕೂಗತೊಡಗಿತು. ಅನ್ವಿ ಮಹಡಿಯಿಂದ ಓಡಿ ಬಂದು "ಅಮ್ಮಾ, ವಾಟ್ ಹ್ಯಾಪನ್ಡ್?" ಎಂದಳು. "ರೊಟ್ಟಿ ಹೊತ್ತಿತು, ನೀ ಮ್ಯಾಲೆ ನಡಿ" ಎಂದು ರೇಣುಕಾ ಕುರ್ಚಿ ಹತ್ತಿ ನಿಂತು, ಗಂಟೆ ನಿಂತ ಮೇಲೂ ಟವೆಲ್ ಬೀಸುತ್ತಲೇ ಇದ್ದಳು.

ಆ ಹಗಲೆಲ್ಲ ರೇಣುಕಾ ತನ್ನ ಕೋಣೆಯಲ್ಲೇ ಇದ್ದಳು. ಅನ್ವಿಯ ಕೈಯಲ್ಲಿ ನನಗೆ ಊಟ ಕಳಿಸಿದಳು. ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಸಾವ್ಕಾರ್ರ" ಎಂದಳು. ಅವಳ ಅವ್ವ ನನ್ನನ್ನು ಹಾಗೆ ಕರೆಯುತ್ತಿದ್ದಳು. "ನಾಳೆ ಆಫೀಸಿಗೆ ಬರ್ರಿ. ಇದನ್ನ ಅವರ ಮುಂದ ಹೇಳ್ರಿ. ನಾ ಇಂಗ್ಲಿಷಿಗೆ ಮಾಡ್ತೀನಿ."

"ನಿನಗ ಆಗ್ತದೇನವಾ?"

"ಒಣಾ ಪುಡಿ ಚಲೋ ಅಂತ ಹೇಳಿ ಬಂದೀರಿ. ಅವರು ಅದನ್ನ ಬರಕೊಂಡಾರ. ನನಗ ಆಗ್ತದೋ ಇಲ್ಲೋ ಅನ್ನೂದು ಆಮ್ಯಾಲಿನ ಮಾತು."

ಸೋಮವಾರ ಅದೇ ಕೋಣೆಯಲ್ಲಿ ಐದು ಜನರ ಮುಂದೆ ಹೇಳಿದೆ. ನಾನು ಒಂದು ಮಾತು ಆಡುವುದು, ರೇಣುಕಾ ಅದನ್ನು ಇಂಗ್ಲಿಷಿಗೆ ಮಾಡುವುದು. ಅವಳ ದನಿ ಶುಕ್ರವಾರದಷ್ಟೇ ಸ್ಪಷ್ಟವಾಗಿತ್ತು. ರಿಪೋರ್ಟಿನ ಮಾತಿಗೆ ಬಂದಾಗ ಅವಳು ನಿಂತುಬಿಟ್ಟಳು. ಟಾಮ್ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಉಳಿದದ್ದನ್ನು ನಾನೇ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. "ಪೇಪರ್, ಐ ಬರ್ನ್. ಹರ್ ಮದರ್."

ಗೋಡೆಯ ಬಿಳಿ ಹಲಗೆಯ ಮೇಲೆ ಎರಡೂ ಬಗೆಯ ಚಿತ್ರ ಬರೆದಿತ್ತು. ರೇಣುಕಾ ಎದ್ದು ಒಣ ಬಗೆಯನ್ನು ಅಂಗೈಯಿಂದಲೇ ಒರೆಸಿಹಾಕಿದಳು. ಆಮೇಲೆ ಎಲ್ಲರೂ ಕುಳಿತು ಮುಖವಾಡವೇ ಸಿಗದ ಜಾಗದಲ್ಲೂ ಪುಡಿ ಹಾರದಂತೆ, ನೀರಿನೊಳಗಲ್ಲದೆ ಬೇರೆ ಎಲ್ಲೂ ಬಿಟ್ಟುಕೊಡದಂತೆ ಅಂಟನ್ನು ಹೇಗೆ ಮಾಡುವುದು ಎಂದು ಮಧ್ಯಾಹ್ನದವರೆಗೆ ಮಾತಾಡಿದರು. ನಾನು ಮೂಲೆಯಲ್ಲಿ ಕುಳಿತಿದ್ದೆ. ನೀರನ್ನು ಕೊನೆಗೆ ಎಲ್ಲಿ ಚೆಲ್ಲುತ್ತಾರೆ ಎಂದು ಒಬ್ಬಳು ಕೇಳಿದಳು. ಚರಂಡಿಗೆ, ನಾವು ಆಮ್ಲವನ್ನೂ ಅಲ್ಲಿಗೇ ಚೆಲ್ಲುತ್ತಿದ್ದೆವು ಎಂದೆ. ಅದನ್ನೂ ಬರೆದುಕೊಂಡರು, ಅದಕ್ಕಿನ್ನೂ ದಾರಿ ಸಿಕ್ಕಿಲ್ಲ ಎಂದರು. ಹೊರಡುವಾಗ ಟಾಮ್ ನನ್ನನ್ನು ಒಂದೇ ಪ್ರಶ್ನೆ ಕೇಳಿದ. ಉಳಿದ ಏಳು ಮಂದಿ?

ಶೆಡ್ಡು ಮುಚ್ಚಿ ಹನ್ನೆರಡು ವರ್ಷವಾಗಿದೆ. ಆ ಏಳರಲ್ಲಿ ಒಬ್ಬಳು ತೀರಿಕೊಂಡಿದ್ದಾಳೆ. ಆರು ಜನ ಇದ್ದಾರೆ. ಯಾರ ರಕ್ತವನ್ನೂ ಯಾರೂ ಪರೀಕ್ಷಿಸಿಲ್ಲ. ಇದನ್ನು ಹೇಳುವಾಗ ರೇಣುಕಾ ಕಿಟಕಿಯ ಕಡೆ ನೋಡುತ್ತಿದ್ದಳು.

ಆ ವಾರವೇ ಊರಿಗೆ ಮರಳುವಂತೆ ಟಿಕೆಟ್ಟಿನ ದಿನ ಬದಲಿಸು ಎಂದು ರೇಣುಕಾಳನ್ನು ನಾನೇ ಕೇಳಿಕೊಂಡೆ. ಹೊರಡುವ ಹಿಂದಿನ ದಿನ ರೇಣುಕಾ ನನ್ನನ್ನು ರೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದೊಯ್ದಳು. ಡಬ್ಲಿನ್ನಿನಿಂದ ಒಂದು ತಾಸು, ರೈಲು ಕೊಲ್ಲಿಯ ನೀರಿನ ಅಡಿಯಲ್ಲೇ ಹೋಗುತ್ತದೆ. ಇಷ್ಟು ದೂರ ಬಂದವರು ಸಮುದ್ರ ನೋಡದೆ ಹೋಗಬಾರದು ಎಂದಷ್ಟೇ ಹೇಳಿದ್ದಳು. ಡಬ್ಲಿನ್ನಿನಲ್ಲಿ ಬೆವರು, ಇಲ್ಲಿ ಮಂಜು, ಹಲ್ಲು ಕಟಕಟಿಸುವ ಗಾಳಿ. ದಂಡೆಯಲ್ಲಿ ನಾನು ನಡುಗುತ್ತ ನಿಂತಿದ್ದೆ. ಅವಳು ತನ್ನ ಉಣ್ಣೆಯ ಕೋಟು ಬಿಚ್ಚಿ ನನ್ನ ಮುಂದೆ ಹಿಡಿದಳು. ಬೇಡವೆಂದೆ.

"ನಾ ನಿಮಗ ಕ್ಷಮಾ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ. ಚಳಿ ಅದ, ಹಾಕ್ಕೋರಿ" ಎಂದಳು.

ಹಾಕಿಕೊಂಡೆ. ತೋಳು ಗಿಡ್ಡವಾಯಿತು. ಅವಳು ಅದನ್ನು ನೋಡಿ ನಗಲು ಹೋಗಿ ನಗಲಿಲ್ಲ. ಬೆಂಚಿನ ಎರಡು ತುದಿಗೆ ಕುಳಿತು ಆರು ಜನರ ಹೆಸರು, ಓಣಿ ಹೇಳುತ್ತ ಹೋದೆ, ಅವಳು ಫೋನಿನಲ್ಲಿ ಬರೆದುಕೊಂಡಳು. ಆ ಆರರಲ್ಲೊಬ್ಬಳಾದ ಗಂಗವ್ವನ ಮನೆ ನನಗಿಂತ ರೇಣುಕಾಳಿಗೇ ಚೆನ್ನಾಗಿ ಗೊತ್ತಿತ್ತು. ಕೊನೆಗೆ ತನ್ನ ಹೆಸರನ್ನೂ ಸೇರಿಸಿದಳು. ಬೆಲ್ಲ ತಿಂದವಳು ತಾನೂ, ಇಲ್ಲೇ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ ಎಂದಳು. ನಾನು ಸಮುದ್ರದ ಕಡೆ ನೋಡಿದೆ. ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಹುಬ್ಬಳ್ಳಿ ಮುಟ್ಟಿದ ಮರುದಿನ ಬೆಳಿಗ್ಗೆ ಗಂಗವ್ವನ ಮನೆಗೆ ಹೋದೆ. ಅವಳೀಗ ಅರವತ್ತು ದಾಟಿದವಳು, ಗೋಡೆ ಹಿಡಿದು ನಡೆಯುತ್ತಾಳೆ. "ಬರ್ರಿ ಸಾವ್ಕಾರ್ರ, ಅಮೇರಿಕಾ ಹೆಂಗಿತ್ತು? ಶಾಂತವ್ವನ ಮಗಳು ಆರಾಮ ಅದಾಳೇನು? ಕೂಡ್ರಿ, ಚಾ ಇಡ್ತೀನಿ" ಎಂದು ಒಳಗೆ ಹೊರಟಳು.

"ಮೊದಲ ನಾ ಹೇಳೂದು ಕೇಳು ಗಂಗವ್ವ. ಆಮ್ಯಾಲೆ ಚಾ ಇಡಬೇಕೋ ಬ್ಯಾಡೋ ನೀನ ನೋಡು" ಎಂದೆ.

ಅವಳು ನನ್ನ ಮುಖ ನೋಡಿ, ಗೋಡೆಗೆ ಕೈಯೂರಿ, ನಿಧಾನವಾಗಿ ನನ್ನೆದುರು ಕುಳಿತಳು.