ಬಿಳಿ ಹವಳಕ್ಕ ನಾ ಬಣ್ಣ ಹಚ್ಚಲಿಲ್ಲ

ಗೆಳೆಯರ, ಇವತ್ತು ಮಾಧವನಗರದಿಂದ ಬಣ್ಣದ ಡಬ್ಬಿ, ಏಣಿ ತಗೊಂಡು ಹೋಗಿ ಸಾಂಗ್ಲಿಯ ಒಂದು ಟೂರ್ ಆಫೀಸಿನ ಗೋಡೆಗೆ ಮಾಲವಣದ ಸಮುದ್ರ ಬರದೆ. ನೀರು ಆತು, ಮೀನು ಆದವು. ಕಡೀಕ ತಳದಾಗಿನ ಹವಳದ ದಿಬ್ಬ ಅಷ್ಟೂ ಬೆಳ್ಳಗ ಬರದು ಕುಂಚ ತೊಳದೆ.

ಮಾಲೀಕ ಬಂದು ನೋಡಿ, "ಕಾಕಾ, ಬಣ್ಣ ತೀರೇತೇನ್ರಿ?" ಅಂದ.

"ಬಣ್ಣ ಐತ್ರಿ. ಹವಳ ಈಗ ಹಿಂಗ ಅದಾವ. ಬ್ಯಾಸಿಗ್ಯಾಗ ಮಗಳ ಜೋಡಿ ನೀರಾಗ ಮುಳುಗಿ ನೋಡೇನಿ."

"ಹೆಣದಂಗ ಕಾಣತಾವ. ನೋಡಾಕ ಯಾರು ಬರತಾರ? ಕೆಂಪು, ಹಳದಿ ಹಚ್ರಿ."

"ಇನ್ನೂ ಸತ್ತಿಲ್ಲರಿ. ಸಮುದ್ರ ಕಾದು, ಅವಕ್ಕ ಬಣ್ಣ, ಅನ್ನ ಎರಡೂ ಕೊಡೋ ಸಣ್ಣ ಪಾಚಿ ಬಿಟ್ಟು ಹೋಗೇತಿ. ನೀರು ಲಗೂನ ತಣ್ಣಗಾದ್ರ ಬದುಕತಾವ, ಇಲ್ಲಾಂದ್ರ ಸಾಯತಾವ. ನಾನಂತೂ ಸುಳ್ಳು ಬರಿಯಂಗಿಲ್ಲ. ಬ್ಯಾರೇದವರನ್ನ ಕರಸ್ರಿ."

ಹಂಗಂದು ಏಣಿ ಮಡಚಿದೆ. ಕೆಲಸ ಹೋತು ಅಂತ ಗೊತ್ತಿತ್ತು, ಆದ್ರ ಮತ್ತ ಕುಂಚ ಮುಟ್ಟಲಿಲ್ಲ.

ಅಷ್ಟರಾಗ ಟೂರ್ ವಿಚಾರಸಾಕ ಬಂದು ಕುಂತಿದ್ದ ಅಜ್ಜಿ ವಯಸ್ಸಿನ ಮಾವಶಿ ಒಬ್ಬರು ಎದ್ದು ಗೋಡೆ ಹತ್ರ ಬಂದ್ರು. "ಹಂಗಾದ್ರ ಅವು ಜೀವಂತ ಇರೂದ್ರಾಗ ಮೊಮ್ಮಗಳಿಗೆ ತೋರಸಬೇಕು. ಮುಟ್ಟಲಾರದ ನೋಡಿ ಬರತೇವಿ. ನಮ್ಮ ಎರಡು ಸೀಟು ಬರಕೋರಿ" ಅಂದ್ರು.

ಮಾಲೀಕ ತಲಿ ಕೆರಕೊಂಡ. "ಇರ್ಲಿ ಬಿಡ್ರಿ ಕಾಕಾ. ಆಫೀಸಿನ ಹೆಸರರೆ ಛಂದಂಗಿ ಬರೀರಿ."

ಬರದೇನಿ. ಈಗ ಆ ಸಮುದ್ರದಾಗ ಎಲ್ಲಾಕಿಂತ ಢಾಳ ಬಣ್ಣ ಅವನ ಆಫೀಸಿನ ಹೆಸರಿಂದು ಐತಿ.