ಹಿಟ್ಟಿನ ಕ್ಯಾನು ಕಲಿಸಿದ ಬ್ರೇಕು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ನೆರೂಳದಲ್ಲಿ ಇಡ್ಲಿ-ದೋಸೆ ಹಿಟ್ಟು ರುಬ್ಬುವ ಒಂದು ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಗ್ರೈಂಡರುಗಳು ನಿಂತು ಬಹಳ ಹೊತ್ತಾಗಿದೆ. ರಾತ್ರಿಯಿಡೀ ಉಬ್ಬಿ ನಿಂತ ಹಿಟ್ಟಿನ ಹುಳಿ ವಾಸನೆ ರಸ್ತೆಯವರೆಗೂ ಬರುತ್ತದೆ. ಮೂವತ್ತಮೂರು ವರ್ಷದ ಅಶ್ಮಿತಾ ಸ್ಟೀಲ್ ಕ್ಯಾನುಗಳನ್ನು ಒಂದೊಂದಾಗಿ ಟೆಂಪೊಗೆ ಏರಿಸಿ, ನಡುವೆ ಗೋಣಿ ತುರುಕಿ, ಸುತ್ತ ಹಗ್ಗ ಬಿಗಿಯುತ್ತಾರೆ. ಈ ಕಡೆ ಎಲ್ಲರೂ 'ಛೋಟಾ ಹಾಥಿ' ಎಂದು ಕರೆಯುವ ಪುಟ್ಟ ಟೆಂಪೊ ಅದು. ಹತ್ತುವಾಗ ಎಡಗಾಲು ಮೊದಲು ಹೋಗುತ್ತದೆ. ಬಲಗಾಲನ್ನು ಅವರು ಕೈಯಿಂದ ತುಸು ಎತ್ತಿ ಒಳಗಿಡುತ್ತಾರೆ.

ಕಾರ್ ರೇಸಿನಲ್ಲಿ ಗಂಟೆಗೆ ನೂರ ಎಪ್ಪತ್ತು ಕಿಲೊಮೀಟರ್ ವೇಗದಲ್ಲಿ ಓಡಿಸುವವರ ಪಕ್ಕ ಕೂರುತ್ತೇನೆಂದು ನಾನು ಮನೆಯಲ್ಲಿ ಜಂಬದಿಂದ ಹೇಳಿ ಬಂದಿದ್ದೆ. ಸೀಟ್ ಬೆಲ್ಟ್ ಬಗ್ಗೆ ಹೆಂಡತಿ ಎರಡೆರಡು ಸಲ ಎಚ್ಚರಿಸಿದ್ದಳು. ಆದರೆ ಠಾಣೆ-ಬೇಲಾಪುರ ರಸ್ತೆಯಲ್ಲಿ ಮೊದಲು ಒಂದು ರಿಕ್ಷಾ ನಮ್ಮನ್ನು ಹಿಂದೆ ಹಾಕಿತು. ಆಮೇಲೆ ಹಾಲಿನ ವ್ಯಾನು. ಐರೋಲಿಯ ಸಿಗ್ನಲ್ ಬಿಟ್ಟಾಗ ಸೈಕಲ್ ಮೇಲೆ ಪಾವ್ ಹೊತ್ತವನೊಬ್ಬ ನಮಗಿಂತ ಮುಂಚೆ ಹೊರಟೇಬಿಟ್ಟ. ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದ ನನ್ನ ಕೈಯನ್ನು ನಾನೇ ನಾಚಿಕೊಂಡು ಸಡಿಲಿಸಿದೆ.

"ಎಂತ, ಬೋರ್ ಆಯ್ತಾ ನಿಮಗೆ?" ಎಂದು ಅಶ್ಮಿತಾ ನಗುತ್ತಾರೆ. "ಹಿಂದೆ ಹಿಟ್ಟು ಉಂಟಲ್ಲ. ಜೋರು ಬ್ರೇಕ್ ಹಾಕಿದ್ರೆ ಉಬ್ಬಿದ್ದು ಪೂರಾ ಕೂತುಬಿಡ್ತದೆ. ಆಮೇಲೆ ಇಡ್ಲಿ ಅಲ್ಲ, ಪತ್ತರ್ ಆಗ್ತದೆ, ಕಲ್ಲು."

ದಿನಕ್ಕೆ ಇಪ್ಪತ್ತಾರು ಕ್ಯಾನು, ಹದಿನಾಲ್ಕು ಹೋಟೆಲು, ಎಪ್ಪತ್ತಕ್ಕೂ ಹೆಚ್ಚು ಕಿಲೊಮೀಟರ್. ನೆರೂಳದಿಂದ ಹೊರಟು ಕಳವಾ ಸೇತುವೆ ದಾಟಿ ನೌಪಾಡಾ, ವರ್ತಕ ನಗರ. ಅಲ್ಲಿಂದ ಶಿಳ್‌ಫಾಟಾ ಮೇಲೆ ಡೊಂಬಿವಿಲಿ, ಕೊನೆಗೆ ಕಲ್ಯಾಣ. ಎಂಟೂವರೆಯೊಳಗೆ ಖಾಲಿ ಟೆಂಪೊ. ವಾರದ ಏಳೂ ದಿನ ಇದೇ ಓಟ. ರೇಸು ಇರುವ ವಾರಾಂತ್ಯ ಬಿಟ್ಟರೆ ಅವರಿಗೆ ರಜೆಯೆಂಬುದಿಲ್ಲ.

ಅಪ್ಪ ವಸಂತಕುಮಾರ ಉಡುಪಿ ಕಡೆಯವರು. ಹದಿನಾರನೇ ವಯಸ್ಸಿಗೆ ಇಲ್ಲಿಗೆ ಬಂದು ಹೋಟೆಲುಗಳಲ್ಲಿ ದುಡಿದು, ಆಮೇಲೆ ಸಣ್ಣ ಹೋಟೆಲುಗಳಿಗೆ ಹಿಟ್ಟು ರುಬ್ಬಿಕೊಡುವ ಈ ಅಂಗಡಿ ಹಾಕಿದವರು. ಮಗಳು ಹುಟ್ಟಿದ್ದು, ಬೆಳೆದದ್ದು ನೆರೂಳದಲ್ಲೇ. ಹತ್ತೊಂಬತ್ತಕ್ಕೆ ಗೆಳತಿಯ ಹುಟ್ಟುಹಬ್ಬಕ್ಕೆಂದು ಗೋ-ಕಾರ್ಟ್ ಓಡಿಸಲು ಹೋದಳು. ಬಂದಿದ್ದ ಏಳು ಮಂದಿ ಹುಡುಗರನ್ನೂ ಹಿಂದೆ ಹಾಕಿ ಮನೆಗೆ ಬಂದಳು. ಅಲ್ಲಿಗೆ ಮನೆಯ ನೆಮ್ಮದಿ ಹೋಯಿತು ಎನ್ನುತ್ತಾರೆ ಅಮ್ಮ ರತ್ನಾವತಿ.

ಮುಂದೆ ಏಳು ಸೀಸನ್ ದಕ್ಷಿಣದ ಟ್ರ್ಯಾಕುಗಳಲ್ಲಿ ಕಾರ್ ರೇಸು. ವಾರವಿಡೀ ಐರೋಲಿಯಲ್ಲಿ ಆಫೀಸು, ಶುಕ್ರವಾರ ಸಂಜೆ ರೈಲು, ಸೋಮವಾರ ಬೆಳಗ್ಗೆ ಮತ್ತೆ ಆಫೀಸು. ಚಾಂಪಿಯನ್ ಆಗಲಿಲ್ಲ. ಮೂರು ಸಲ ಮೊದಲ ಮೂವರಲ್ಲಿ ಬಂದರು. ಪತ್ರಿಕೆಗಳಲ್ಲಿ ಒಮ್ಮೆ ಫೋಟೊ ಬಂದಿತ್ತು, ಅದರಲ್ಲೂ ಅರ್ಧ ಮುಖ ಬೇರೆಯವರ ಟ್ರೋಫಿಯ ಹಿಂದೆ ಮುಚ್ಚಿಹೋಗಿತ್ತು. ಅದನ್ನೇ ಅಪ್ಪ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ.

ಮೂರೂವರೆ ವರ್ಷದ ಹಿಂದೆ, ರೇಸೊಂದರ ಮೂರನೇ ಸುತ್ತಿನಲ್ಲಿ ಮುಂದಿನ ಕಾರಿನಿಂದ ಸೋರಿದ ಎಣ್ಣೆಯ ಮೇಲೆ ಅಶ್ಮಿತಾರ ಚಕ್ರ ಜಾರಿತು. ಕಾರು ನೇರ ಹೋಗಿ ಟೈರಿನ ಗೋಡೆಗೆ ಬಡಿಯಿತು. ಮುಂಭಾಗ ಒಳಕ್ಕೆ ಕುಸಿದು ಬಲಗಾಲು ಪೆಡಲುಗಳ ನಡುವೆ ಸಿಕ್ಕಿಕೊಂಡಿತು. ತೊಡೆಯ ಮೂಳೆ ಮುರಿದು, ಹಿಮ್ಮಡಿ ಪುಡಿಪುಡಿಯಾಗಿತ್ತು. ನಾಲ್ಕು ಆಪರೇಶನ್, ಹನ್ನೊಂದು ತಿಂಗಳು ಊರುಗೋಲು. ನಡೆಯಬಹುದು, ರೇಸಿನ ಆಸೆ ಬಿಡಿ ಎಂದರು ಡಾಕ್ಟರು. ಬಲಪಾದದ ಮುಂಭಾಗದಲ್ಲಿ ಸ್ಪರ್ಶವೇ ಇಲ್ಲದಾಗಿತ್ತು. ಬ್ರೇಕನ್ನು ಎಷ್ಟು ಒತ್ತಿದ್ದೇನೆ ಎಂದು ತಿಳಿಯದ ಕಾಲಿಗೆ ರೇಸಿನಲ್ಲಿ ಏನು ಕೆಲಸ?

"ಎಲ್ರೂ ಸಮಾಧಾನ ಹೇಳಿದ್ರು. ಜೀವ ಉಳೀತಲ್ಲ, ಅಷ್ಟೇ ಸಾಕು ಅಂತ," ಎನ್ನುತ್ತಾರೆ ಅಶ್ಮಿತಾ. "ಅದು ಸರಿಯೇ. ಆದ್ರೆ ನನಗೆ ಆ ರೇಸ್ ಅರ್ಧಕ್ಕೇ ನಿಂತದ್ದು ತಡೀಲಿಕ್ಕೆ ಆಗ್ಲಿಲ್ಲ. ಗೆಲ್ಲೋದು ಬೇಡ. ಇನ್ನೊಂದೇ ಒಂದು ರೇಸ್, ಪೂರಾ ಕೊನೇವರೆಗೆ ಓಡಿಸ್ಬೇಕು. ಬಸ್, ಅಷ್ಟೇ."

ಮನೆಯಲ್ಲಿ ರೇಸಿನ ಹೆಸರೆತ್ತುವಂತಿರಲಿಲ್ಲ. ಅದೇ ಹೊತ್ತಿಗೆ, ಅಂಗಡಿಯ ಟೆಂಪೊ ಓಡಿಸುತ್ತಿದ್ದ ಹಿತೇಶ್ ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಹೊಸ ಡ್ರೈವರ್ ಸಿಗುವವರೆಗೆ ನಾನು ಓಡಿಸುತ್ತೇನೆ ಎಂದರು, ಆಗಷ್ಟೇ ಊರುಗೋಲು ಬಿಟ್ಟು, ಆಫೀಸೂ ಇಲ್ಲದೆ ಮನೆಯಲ್ಲಿದ್ದ ಅಶ್ಮಿತಾ. ಹಿಟ್ಟು ಹೊತ್ತ ಟೆಂಪೊ ಎಷ್ಟು ಜೋರಾಗಿ ಹೋದೀತು ಎಂದುಕೊಂಡು ಅಪ್ಪ ಒಪ್ಪಿದರು. ಹೊಸ ಡ್ರೈವರನ್ನು ಹುಡುಕುವ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮೊದಲ ವಾರವೇ ಎಡವಟ್ಟಾಯಿತು. ಕಾಲಿಗೆ ಅಂದಾಜು ಸಿಗದೆ ಪ್ರತಿ ಸಿಗ್ನಲ್ಲಿನಲ್ಲೂ ಗಕ್ಕನೆ ಬ್ರೇಕು. ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸಂಕರ್ಷಣ ರಾಯರ ಇಡ್ಲಿ ಒಂದು ದಿನ ಉಬ್ಬಲೇ ಇಲ್ಲ. ರಾಯರು ಮರುದಿನ ಟೆಂಪೊಗೇ ಕಾದು ನಿಂತಿದ್ದರು. ಬೈಯಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು, ಹಿಟ್ಟು ತುಳುಕಿ ಒಳಗೋಡೆಗೆ ಅಂಟಿದ ಕಲೆ ಎಲ್ಲಿವರೆಗಿದೆ ಎಂದು ಬೆರಳಿನಿಂದ ಅಳೆದು ತೋರಿಸಿದರು.

"ಇವತ್ತು ಐದು ಬೆರಳು ಮೇಲೆ ಹಾರಿದೆ ಮಗಳೇ," ಎಂದರಂತೆ. "ನಿನ್ನ ಕಾಲು ಹೇಳದಿದ್ದದ್ದನ್ನು ಇದು ಹೇಳ್ತದೆ. ನಾಳೆ ನಾಲ್ಕು ಬೆರಳಿಗೆ ತಾ."

ಅಲ್ಲಿಂದ ಅದೊಂದು ಪದ್ಧತಿಯಾಯಿತು. ದಿನಾ ಬೆಳಗ್ಗೆ ರಾಯರು ಮುಚ್ಚಳ ತೆಗೆಯುವುದು, ಬೆರಳಿಟ್ಟು ಅಳೆಯುವುದು, ಅಶ್ಮಿತಾ ಪಕ್ಕದಲ್ಲಿ ಬಗ್ಗಿ ನೋಡುವುದು. ನಾಲ್ಕು ಬೆರಳಿಗೆ ಬರಲು ಒಂದು ತಿಂಗಳು ಹಿಡಿಯಿತು, ಮೂರಕ್ಕೆ ಇನ್ನೆರಡು. ಮುಂಬ್ರಾದ ತಿರುವುಗಳಲ್ಲಿ, ಮೆಟ್ರೊ ಕೆಲಸಕ್ಕೆ ಅಗೆದ ರಸ್ತೆಯಲ್ಲಿ, ಹೊಂಡದ ಮೇಲೆ ಹೊಂಡ ಬಿದ್ದ ಮಳೆಗಾಲದಲ್ಲಿ, ಪಾದಕ್ಕೆ ತಿಳಿಯದ್ದನ್ನು ಮೊಣಕಾಲು ಮತ್ತು ತೊಡೆ ನಿಧಾನಕ್ಕೆ ಕಲಿತವು. ಒಂದೂಕಾಲು ವರ್ಷದ ಮೇಲೆ ಕಲೆ ಒಂದೇ ಬೆರಳಿಗೆ ಇಳಿಯಿತು. ಅಂದು ರಾಯರು ಒಳಗೆ ಹೋಗಿ ಒಂದು ಪ್ಲೇಟ್ ಇಡ್ಲಿ ತಂದಿಟ್ಟರು.

ಈ ಕತೆಯನ್ನು ನಾನು ರಾಯರನ್ನೇ ಕೇಳಿದೆ. ಎಪ್ಪತ್ತೊಂದು ವರ್ಷದ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಲ್ಲಿಂದಲೇ ಕೈಯಾಡಿಸಿದರು. "ನಾನೆಂತ ಮಾಡಿದ್ದು ಮಾರಾಯ್ರೆ? ನನಗೆ ನನ್ನ ಇಡ್ಲಿ ಸರಿ ಆಗ್ಬೇಕಿತ್ತು. ಕಾಲು ಸರಿಯಾದದ್ದು ಅವಳ ಹಟದಿಂದ."

ಎರಡನೆಯ ಉಪಕಾರ ಕಲ್ಯಾಣದ ಬಾಲಪ್ಪನವರದು. ವಿಜಯಪುರ ಕಡೆಯ ಈ ಮೆಕ್ಯಾನಿಕ್ ಮೊದಲಿನಿಂದಲೂ ಅಶ್ಮಿತಾರ ರೇಸ್ ಕಾರನ್ನು ಸಜ್ಜು ಮಾಡುತ್ತಿದ್ದವರು. ಅಪಘಾತದ ನಂತರ ನಜ್ಜುಗುಜ್ಜಾದ ಆ ಕಾರನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಗ್ಯಾರೇಜಿನ ಹಿಂದೆ ಟಾರ್ಪಾಲು ಹೊದಿಸಿ ಇಟ್ಟಿದ್ದರು. "ಪಾದಕ್ಕ ಗೊತ್ತಾಗಂಗಿಲ್ಲ ಅಂದ್ರ ಏನಾತ್ರಿ, ಮೊಣಕಾಲಿಗೆ ಗೊತ್ತಾಗೂ ಹಂಗ ಪೆಡಲ್ ಮಾಡೋಣ ಅಂದ್ನಿ," ಎನ್ನುತ್ತಾರೆ. ಬ್ರೇಕಿನ ಪೆಡಲನ್ನು ಗಡುಸು ಮಾಡಿ, ಕಾಲು ಜಾರದಂತೆ ಅಂಚು ಕಟ್ಟಿ, ಎಂಟು ತಿಂಗಳಲ್ಲಿ ಕಾರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು.

ಉಳಿದದ್ದು ಲೈಸೆನ್ಸು. ಗಾಯಗೊಂಡವರು ಮತ್ತೆ ರೇಸಿಗೆ ಇಳಿಯಬೇಕಾದರೆ ವೈದ್ಯರ ಮುಂದೆ ಒಂದು ಪರೀಕ್ಷೆ ಕೊಡಬೇಕು. ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದು ಕಾರಿನಲ್ಲಿ ಕೂರಬೇಕು. ಶಿಳ್ಳೆ ಊದಿದ ಹತ್ತು ಸೆಕೆಂಡಿನೊಳಗೆ ಯಾರ ಸಹಾಯವೂ ಇಲ್ಲದೆ ಹೊರಬರಬೇಕು. ಕಾರಿಗೆ ಬೆಂಕಿ ಹತ್ತಿದರೆ ಅಷ್ಟೇ ಸಮಯ ಸಿಗುವುದು. ಗ್ಯಾರೇಜಿನಲ್ಲಿ ಬಾಲಪ್ಪನವರ ಮುಂದೆ ಅಶ್ಮಿತಾ ಎಂಟು ಸೆಕೆಂಡಿನಲ್ಲಿ ಇಳಿಯುತ್ತಿದ್ದರು. ಪರೀಕ್ಷೆಯ ದಿನ ಹನ್ನೆರಡು ಸೆಕೆಂಡು ತೆಗೆದುಕೊಂಡು ಫೇಲಾದರು.

ಕಾರಣ ಕೇಳಿ ನಾನು ಟೆಂಪೊದಲ್ಲೇ ಗಟ್ಟಿಯಾಗಿ ನಕ್ಕೆ, ಆಮೇಲೆ ಪಾಪ ಅನಿಸಿತು. ಹಿಂದೊಮ್ಮೆ ವರ್ತಕ ನಗರದ ಇಳಿಜಾರಿನಲ್ಲಿ ನಿಲ್ಲಿಸಿದ್ದ ಟೆಂಪೊ ಹಿಟ್ಟಿನ ಭಾರಕ್ಕೆ ತಾನಾಗಿ ಉರುಳಿ ಒಂದು ಪಾನ್ ಅಂಗಡಿಗೆ ಗುದ್ದಿತ್ತು. ಅಂದಿನಿಂದ ವಸಂತಕುಮಾರರದು ಒಂದೇ ಕಟ್ಟಪ್ಪಣೆ: ಹ್ಯಾಂಡ್ ಬ್ರೇಕ್ ಎಳೆ, ಗೇರ್ ಹಾಕು, ಕನ್ನಡಿ ನೋಡು, ಆಮೇಲೆ ಇಳಿ. ದಿನಕ್ಕೆ ಹದಿನಾಲ್ಕು ಸಲ ಹೀಗೆ ಇಳಿದು ಅದು ಕೈಗೆ ಹತ್ತಿಬಿಟ್ಟಿತ್ತು. ಪರೀಕ್ಷೆಯಲ್ಲಿ ಗಾಬರಿಗೆ ಕೈ ತನ್ನ ಕೆಲಸ ತಾನು ಮಾಡಿತು. ಬೆಂಕಿ ಬಿದ್ದಿದೆಯೆಂದು ಭಾವಿಸಬೇಕಾದ ಕಾರಿನಲ್ಲಿ ಅಶ್ಮಿತಾ ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದೆ ಬಸ್ಸು ಬರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿದರು.

"ಡಾಕ್ಟರ್ ಕೇಳಿದ್ರು, ಯಾರನ್ನ ನೋಡ್ತಾ ಇದ್ದೀರಿ ಅಂತ."

ಒಂದು ತಿಂಗಳ ನಂತರ ಇನ್ನೊಂದೇ ಅವಕಾಶವಿತ್ತು. ಅದೂ ಹೋದರೆ ಆ ಸೀಸನ್ ಮುಗಿದಂತೆ. ಮತ್ತೊಂದು ಸೀಸನ್ನಿಗೆ ಕಾಯುವ ತಾಳ್ಮೆ ಅಶ್ಮಿತಾರಿಗೆ ಉಳಿದಿರಲಿಲ್ಲ. ಮಗಳು ಊಟ ಬಿಟ್ಟು ಕೂತದ್ದನ್ನು ವಸಂತಕುಮಾರ ಎರಡು ದಿನ ನೋಡಿದರು. ಮೂರನೆಯ ದಿನ ಬೆಳಗಿನ ಓಟ ಮುಗಿದ ಮೇಲೆ ಖಾಲಿ ಟೆಂಪೊದ ನಾಲ್ಕೂ ಚಕ್ರಕ್ಕೆ ತಾವೇ ಇಟ್ಟಿಗೆ ಕೊಟ್ಟರು. ಮೊಬೈಲ್ ಹಿಡಿದು ಎದುರು ನಿಂತು, "ಗಾಡಿ ಹತ್ತು ಮಗಾ," ಎಂದರು. "ಈಗ ನಾನು ಕಲಿಸಿದ್ದು ಪೂರಾ ಮರ್ತುಬಿಡು. ಬ್ರೇಕೂ ಬೇಡ, ಗೇರೂ ಬೇಡ. ಇಳಿ, ಬೇಗ ಇಳಿ!"

ಇಪ್ಪತ್ತೇಳು ದಿನ ಹೀಗೆ ನಡೆಯಿತು. ಸುತ್ತಲಿನ ಅಂಗಡಿಯವರು ಬಂದು ನಿಂತು ನೋಡುತ್ತಿದ್ದರು. ರೇಸಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ರತ್ನಾವತಿಯವರೂ ಕೊನೆಗೆ ಬಾಗಿಲಿಗೆ ಬಂದು ಸೆಕೆಂಡು ಎಣಿಸತೊಡಗಿದರು. "ಎಂತ ಮಾಡುದು? ಮತ್ತೆ ಅಪಘಾತ ಆದ್ರೆ ಬೇಗ ಇಳೀಲಿಕ್ಕಾದ್ರೂ ಬರ್ಲಿ ಅಂತ," ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಮಗಳು ಏಳೂವರೆ ಸೆಕೆಂಡಿನಲ್ಲಿ ಹೊರಗಿದ್ದಳು.

ಮೂರು ಗಂಟೆ ಪಕ್ಕದಲ್ಲಿ ಕೂತಿದ್ದರೂ ನನ್ನ ನೋಟ್‌ಬುಕ್ಕಿನಲ್ಲಿ ಅಶ್ಮಿತಾರ ಬಗ್ಗೆ ಬರೆದದ್ದು ಕಡಿಮೆ, ಬೇರೆಯವರ ಹೆಸರೇ ಜಾಸ್ತಿ. ನಿಮ್ಮ ಕಷ್ಟ ಹೇಳಿ ಎಂದರೆ ಫಿಸಿಯೊಥೆರಪಿಸ್ಟ್ ಸುಮೇಧಾ ಹೇಗೆ ರವಿವಾರವೂ ಮನೆಗೆ ಬರುತ್ತಿದ್ದರೆಂದು ಹೇಳುತ್ತಾರೆ. ನೋವಿನ ಮಾತು ತೆಗೆದರೆ ಡೊಂಬಿವಿಲಿಯ ಹೋಟೆಲಿನವರು ಇವತ್ತಿಗೂ ಕ್ಯಾನು ಇಳಿಸಲು ತಾವೇ ಓಡಿ ಬರುವುದನ್ನು ವರ್ಣಿಸುತ್ತಾರೆ. ಮೊದಮೊದಲು ನನಗೆ ರೇಗಿತು, ಲೇಖನ ಹೇಗೆ ಬರೆಯುವುದು ಎಂದು. ಕಲ್ಯಾಣ ತಲುಪುವಷ್ಟರಲ್ಲಿ ನನಗೇ ಆ ಎಲ್ಲರ ಮೇಲೆ ಪ್ರೀತಿ ಹುಟ್ಟಿತ್ತು.

ಮರಳಿದ ಮೇಲಿನ ಮೊದಲ ರೇಸು ಕಳೆದ ತಿಂಗಳು ನಡೆಯಿತು. ಹದಿನಾಲ್ಕು ಕಾರುಗಳು, ಹನ್ನೆರಡು ಸುತ್ತು. ಅಶ್ಮಿತಾ ಹದಿಮೂರನೆಯವರಾಗಿ ಹೊರಟರು. ಮೂರನೆಯ ಸುತ್ತು ದಾಟುವವರೆಗೆ ಅಪ್ಪ ಕಣ್ಣು ಮುಚ್ಚಿಕೊಂಡೇ ಕೂತಿದ್ದರಂತೆ. ತಿರುವುಗಳಿಗೆ ಮುಂಚೆ ಬೇರೆಯವರು ಗಕ್ಕನೆ ಬ್ರೇಕ್ ಒತ್ತಿ ಟೈರು ಸವೆಸಿಕೊಳ್ಳುವಾಗ, ಇವರ ಕಾರು ಮೆತ್ತಗೆ ಹೊಕ್ಕು ಮೆತ್ತಗೆ ಹೊರಬರುತ್ತಿತ್ತು. ಕೊನೆಯ ಸುತ್ತುಗಳಲ್ಲಿ ನಾಲ್ವರನ್ನು ದಾಟಿ ಒಂಬತ್ತನೆಯವರಾಗಿ ಮುಗಿಸಿದರು. ಒಂಬತ್ತನೆಯ ಸ್ಥಾನಕ್ಕೆ ಕಪ್ಪಿಲ್ಲ, ವೇದಿಕೆಯಿಲ್ಲ. ಬಾಲಪ್ಪನವರು ಮಾತ್ರ ಕಾರಿನ ಬಾನೆಟ್ಟಿಗೆ ಹಣೆ ಹಚ್ಚಿ ನಿಂತುಬಿಟ್ಟಿದ್ದರು.

ಹೆಲ್ಮೆಟ್ ತೆಗೆದ ಅಶ್ಮಿತಾ ಅಪ್ಪನ ಹತ್ತಿರ ಹೋಗುವ ಮೊದಲು ಟ್ರ್ಯಾಕಿನ ಅಂಚಿಗೆ, ರಕ್ಷಣಾ ತಂಡದ ಗಾಡಿಯ ಬಳಿಗೆ ನಡೆದರು. ಪ್ರತಿ ರೇಸಿನಲ್ಲೂ ಆಂಬುಲೆನ್ಸಿನ ಪಕ್ಕ ಬಿಸಿಲಿನಲ್ಲಿ ಕಾಯುವ ಜನ ಅವರು. ತಂಡದ ಮುಖ್ಯಸ್ಥ ಪುಂಡರೀಕಾಕ್ಷ, ಹೊಸೂರು ಕಡೆಯವರು, ವಾರವಿಡೀ ಫ್ಯಾಕ್ಟರಿ ಕೆಲಸ, ರವಿವಾರ ಇಲ್ಲಿ. ಅಪಘಾತದ ದಿನ ಕಾರಿನ ಲೋಹ ಕತ್ತರಿಸಿ, ಸಿಕ್ಕಿಬಿದ್ದ ಕಾಲನ್ನು ಬಿಡಿಸಿ ಅಶ್ಮಿತಾರನ್ನು ಹೊರತೆಗೆದದ್ದು ಅವರೇ. ಅಂದು ಪ್ರಜ್ಞೆ ತಪ್ಪಿದ್ದ ಅಶ್ಮಿತಾ ಆತನ ಮುಖ ನೋಡಿರಲಿಲ್ಲ. ಹೆಲ್ಮೆಟ್ಟಿನೊಳಗಿದ್ದ ಇವರ ಮುಖವನ್ನು ಅವರೂ ಸರಿಯಾಗಿ ಕಂಡಿರಲಿಲ್ಲ.

ತಮ್ಮ ಹೆಸರು ಹೇಳಿದಾಗ ಆತನಿಗೆ ತಕ್ಷಣ ಹೊಳೆಯಲಿಲ್ಲ. ಯಾವ ಸೀಸನ್, ಯಾವ ತಿರುವು ಎಂದೆಲ್ಲ ಕೇಳಿ ಕೊನೆಗೆ, "ಮುಖ ನೆನಪಿಲ್ಲಮ್ಮ. ಆ ಕಾಲು ಮಾತ್ರ ಮರೆಯೋಕಾಗಿಲ್ಲ," ಎಂದರು. ಅಶ್ಮಿತಾ ಅಲ್ಲೇ ನೆಲದ ಮೇಲೆ ಕೂತು ಬೂಟು, ಸಾಕ್ಸು ಕಳಚಿ ಬಲಗಾಲನ್ನು ಮುಂದೆ ಚಾಚಿದರು. ಆತ ಬಗ್ಗಿ, ಹೊಲಿಗೆಯ ಗೆರೆಗಳನ್ನು ಒಂದೊಂದಾಗಿ ನೋಡಿ, ತಂಡದ ಉಳಿದ ಮೂವರನ್ನೂ ಕೂಗಿ ಕರೆದರು. ನಾಲ್ವರೂ ಸುತ್ತ ನಿಂತರು.

"ಥ್ಯಾಂಕ್ಸ್ ಹೇಳ್ಬೇಕು ಅಂತ ಮೂರೂವರೆ ವರ್ಷದಿಂದ ರೆಡಿ ಮಾಡಿ ಇಟ್ಟಿದ್ದೆ. ಹೇಳ್ಲಿಕ್ಕೆ ಹೋದ್ರೆ ಒಂದೂ ನೆನಪಿಲ್ಲ," ಎನ್ನುತ್ತಾರೆ ಅಶ್ಮಿತಾ. "ಕೊನೆಗೆ ಇಷ್ಟೇ ಹೇಳಿದೆ: ಅಣ್ಣಾ, ಇವತ್ತು ನಿಮಗೆ ಕೆಲಸ ಕೊಡ್ಲಿಲ್ಲ ನೋಡಿ."